ಯಾರ ಮೇಲೆ ಗೆದ್ದ?

ಕೆಂಪಣ್ಣನ ಮೂಗು ಎಡಕ್ಕೆ ತಿರುಗಿತ್ತು. ಎದುರಿಗೆ ನಿಂತು ನಮ್ಮ ಜೊತೆ ಮಾತಾಡುತ್ತಿದ್ದರೂ ಮೂಗು ಮಾತ್ರ ಪಕ್ಕದವರ ಯೋಗಕ್ಷೇಮ ವಿಚಾರಿಸುತ್ತಿರುವಂತೆ ಕಾಣುತ್ತಿತ್ತು. ಬೇರೆಯವರಾಗಿದ್ದರೆ ಫೋಟೋ ತೆಗೆಸುವಾಗ ಮುಖವನ್ನು ಆ ಕಡೆ ಈ ಕಡೆ ಸರಿಸಿ ಮರೆಮಾಚುತ್ತಿದ್ದರು. ಕೆಂಪಣ್ಣ ಕಾರ್ಖಾನೆಯ ಗುರುತಿನ ಚೀಟಿಗೂ ಆ ಮೂಗು ಚೆನ್ನಾಗಿ ಬೀಳುವಂತೆ ಕೂತು, ನೆಟ್ಟಗೆ ಕೂರಯ್ಯ ಎಂದು ಫೋಟೋದವನಿಂದ ಬೈಸಿಕೊಂಡಿದ್ದ. ನೆಟ್ಟಗೇ ಕೂತಿದ್ದೀನಿ, ಮೂಗು ಇರೋದೇ ಹೀಗೆ ಎಂದು ಇವನು ಹೇಳಿದನಂತೆ. ಹೊಸಬರು ಯಾರಾದರೂ ಆ ಮೂಗನ್ನು ಎರಡು ಸಲ ನೋಡಿದರೆ ಸಾಕು, ತಾನಾಗಿಯೇ ವಿವರಕ್ಕೆ ಇಳಿಯುತ್ತಿದ್ದ.

"ಇದು ಪುಟ್ಟಸ್ವಾಮಿ ಮಾಡಿದ್ದು. ಎಡಗೈಲಿ, ಒಂದೇ ಏಟು," ಎನ್ನುತ್ತಿದ್ದ, ಗುಡಿಗೆ ಗಂಟೆ ಕೊಟ್ಟವರ ಹೆಸರು ಹೇಳುವ ಗತ್ತಿನಲ್ಲಿ.

ನಾನು ಬಿಡದಿಯ ಕಾರ್ಖಾನೆಯೊಂದಕ್ಕೆ ಸೇರಿದಾಗ ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ಕಾಲವಾಗಿತ್ತು. ದೊಡ್ಡ ಕಾರು ಕಾರ್ಖಾನೆಯ ಬೆನ್ನಿಗೇ ಅದಕ್ಕೆ ನಟ್ಟು, ಬೋಲ್ಟು, ಸೀಟು, ಪೈಪು ಒದಗಿಸುವ ಸಣ್ಣ ಕಾರ್ಖಾನೆಗಳು ಬಂದು ಕೂತಿದ್ದವು. ರಾಗಿ ಹೊಲದ ಬದುವಿನ ಮೇಲೆ ಕಾಂಪೌಂಡು ಏಳುತ್ತಿತ್ತು, ಹೊಲದ ಯಜಮಾನ ಅದೇ ಕಾಂಪೌಂಡಿನ ಗೇಟಿನಲ್ಲಿ ಟೋಪಿ ಹಾಕಿಕೊಂಡು ನಿಲ್ಲುತ್ತಿದ್ದ. ನನ್ನ ಕೆಲಸ ತಯಾರಾದ ಪೈಪುಗಳನ್ನು ಅಳೆದು ಪಾಸು, ಫೇಲು ಎನ್ನುವುದು. ಕೆಂಪಣ್ಣ ಗೇಟಿನ ಸೆಕ್ಯೂರಿಟಿ. ಹೊಂಗನೂರಿನವನು, ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಬೆಳಿಗ್ಗೆ ಎದ್ದು ಸೊಪ್ಪು ಕೊಯ್ದು ಹಾಕಿ, ಬಸ್ಸಿನಲ್ಲಿ ಚನ್ನಪಟ್ಟಣಕ್ಕೆ ಬಂದು, ನನ್ನ ಜೊತೆ ಬಿಡದಿಯ ರೈಲು ಹತ್ತುತ್ತಿದ್ದ. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವನು. ನನ್ನನ್ನು 'ಇನ್‌ಸ್ಪೆಕ್ಟ್ರೇ' ಎಂದೇ ಕರೆಯುತ್ತಿದ್ದ.

ಗೇಟಿನಲ್ಲಿ ಅವನು ಲಾರಿ ನಿಲ್ಲಿಸುವುದನ್ನು ನೋಡಬೇಕಿತ್ತು. ಉಳಿದ ಸೆಕ್ಯೂರಿಟಿಯವರು ಸೀಟಿ ಊದುತ್ತಿದ್ದರು, ಕೈ ಅಡ್ಡ ಹಿಡಿಯುತ್ತಿದ್ದರು. ಕೆಂಪಣ್ಣ ಎಡಗಾಲು ಮುಂದಿಟ್ಟು, ಗದ್ದ ಎದೆಗೆ ಒತ್ತಿ, ಎರಡು ಮುಷ್ಟಿಯನ್ನೂ ಮುಖದ ಮುಂದೆ ಎತ್ತಿ ಲಾರಿಯ ಎದುರು ನಿಲ್ಲುತ್ತಿದ್ದ. ತಮಿಳುನಾಡಿನ ಡ್ರೈವರುಗಳು ಗಾಬರಿಯಾಗಿ ಬ್ರೇಕು ಒತ್ತುತ್ತಿದ್ದರು. ಬಾಗಿಲುಗಳನ್ನೂ ಅಷ್ಟೇ, ಭುಜ ಮುಂದೆ ಮಾಡಿಕೊಂಡು ಅಡ್ಡಡ್ಡಲಾಗಿ ದಾಟುತ್ತಿದ್ದ, ಆ ಕಡೆ ಯಾರೋ ಕಾಯುತ್ತಿದ್ದಾರೆ ಎಂಬಂತೆ.

ಯಾರು ಏನು ಗೆದ್ದರೂ ಅವನದು ಒಂದೇ ಪ್ರಶ್ನೆ: ಯಾರ ಮೇಲೆ ಗೆದ್ದ? ಪಂಚಾಯಿತಿಗೆ ಯಾರೋ ಆರಿಸಿ ಬಂದರೆ, ಎದುರಿಗೆ ನಿಂತಿದ್ದವನು ಯಾರು? ಯಾರದೋ ಹುಡುಗ ಶಾಲೆಗೇ ಮೊದಲು ಬಂದರೆ, ಎರಡನೆಯವನು ಎಷ್ಟು ಓದಿದ್ದ? ಕಾರ್ಖಾನೆಯ ಕ್ರೀಡಾಕೂಟದಲ್ಲಿ ನನಗೆ ಕೇರಂನಲ್ಲಿ ಬಹುಮಾನವಾಗಿ ಒಂದು ಕಪ್ಪು ಬಂತು. ಜನ್ಮದಲ್ಲಿ ಬಂದದ್ದು ಅದೊಂದೇ ಕಪ್ಪು. ಗೇಟಿನಲ್ಲಿ ತೋರಿಸಿದೆ. ಫೈನಲ್ಲಿನಲ್ಲಿ ಎದುರು ಕೂತಿದ್ದವನಿಗೆ ಆವತ್ತು ಜ್ವರ ಇತ್ತು ಎಂಬುದು ಅದು ಹೇಗೋ ಅವನಿಗೆ ಗೊತ್ತಾಗಿಬಿಟ್ಟಿತ್ತು.

"ಇನ್‌ಸ್ಪೆಕ್ಟ್ರೇ, ನೀವು ಆಟ ಗೆದ್ದಿಲ್ಲ, ಜ್ವರದ್ ಜೊತೆ ಪಾಲ್ದಾರ್ರಾಗಿದ್ದೀರಿ," ಎಂದ.

ನನಗೆ ಸಿಟ್ಟು ಬಂತು. ಮನೆಗೆ ಹೋದವನು ಕಪ್ಪನ್ನು ಟಿವಿಯ ಮೇಲೆ ಇಡದೆ ಬೀರುವಿನ ಒಳಗಿಟ್ಟೆ. ಇವತ್ತಿಗೂ ಅದು ಒಳಗೇ ಇದೆ.

ಈ ಪ್ರಶ್ನೆ ಅವನಿಗೆ ಅಂಟಿಕೊಂಡದ್ದು ಪುಟ್ಟಸ್ವಾಮಿಯಿಂದ. ನಮ್ಮ ಸೀಮೆಯಲ್ಲಿ ಗರಡಿ, ಕುಸ್ತಿ ಎಲ್ಲರಿಗೂ ಗೊತ್ತು. ಬಾಕ್ಸಿಂಗ್ ಬಂದದ್ದು ಮಿಲಿಟರಿಯಿಂದ ವಾಪಸಾದ ಒಬ್ಬ ಡ್ರಿಲ್ ಮೇಷ್ಟ್ರ ಟ್ರಂಕಿನಲ್ಲಿ. ಟ್ರಂಕಿನಲ್ಲಿ ಎರಡು ಜೊತೆ ಗ್ಲೋವ್ಸ್ ಇದ್ದವು. ಮೇಷ್ಟ್ರು ದಸರಾ ಸಮಯದಲ್ಲಿ ರಾಮನಗರದ ಬಯಲೊಂದರಲ್ಲಿ ನಾಲ್ಕು ಗೂಟ ಹೊಡೆಸಿ, ಎತ್ತಿಗೆ ಕಟ್ಟುವ ಹಗ್ಗ ಬಿಗಿಸಿ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆಯ ಹುಡುಗರನ್ನು ಕರೆದು ಪಂದ್ಯ ಆಡಿಸಿದರು. ಗೆದ್ದವನು ನಾಲ್ಕು ತಾಲೂಕಿನ ಚಾಂಪಿಯನ್. ಮರಳವಾಡಿ ಕಡೆಯ, ಕುರಿ ಸಾಕುವವರ ಮನೆಯ ಪುಟ್ಟಸ್ವಾಮಿ ಮೊದಲನೇ ವರ್ಷ ಗೆದ್ದ, ಮೇಷ್ಟ್ರು ಪಂದ್ಯ ನಡೆಸಿದಷ್ಟು ವರ್ಷವೂ ಗೆದ್ದ. ಪ್ರತಿ ವರ್ಷ ಕೊನೆಗೆ ಅವನ ಎದುರು ಉಳಿಯುತ್ತಿದ್ದವನು ಕೆಂಪಣ್ಣ. ಪ್ರತಿ ವರ್ಷ ಸೋಲುತ್ತಿದ್ದವನೂ ಕೆಂಪಣ್ಣ.

ರೈಲು ರಾಮನಗರ ಮುಟ್ಟುವ ತನಕ ಕೆಂಪಣ್ಣ ಸಾಧು ಪ್ರಾಣಿ. ರಾಮನಗರದಲ್ಲಿ ಮಾದೇವ ಹತ್ತುತ್ತಿದ್ದ. ನಮ್ಮ ಸ್ಟೋರಿನಲ್ಲಿ ಕೆಲಸ, ಕೆಂಪಣ್ಣನ ವಯಸ್ಸಿನವನೇ, ಆ ಪಂದ್ಯಗಳನ್ನೆಲ್ಲ ಗೂಟದ ಪಕ್ಕ ಕೂತು ಕಡಲೆಕಾಯಿ ತಿನ್ನುತ್ತಾ ನೋಡಿದವನು. ಅವನ ವಾದ ಇಷ್ಟೇ: ಪುಟ್ಟಸ್ವಾಮಿ ದೊಡ್ಡ ಚಾಂಪಿಯನ್ ಅಲ್ಲ, ಏಕೆಂದರೆ ಅವನ ಎದುರು ನಿಂತವರು ಯಾರೂ ಬಾಕ್ಸರುಗಳಲ್ಲ. ಮಾಗಡಿಯಿಂದ ಬಂದಿದ್ದವನು ಯಾರದೋ ಮದುವೆಗೆ ಬಂದು ಹೊತ್ತು ಹೋಗದೆ ಹೆಸರು ಕೊಟ್ಟಿದ್ದ. ಕನಕಪುರದವನು ಹೋಟೆಲಿನ ಸಪ್ಲೈಯರ್, ಏಟು ಬಿದ್ದಾಗಲೂ ಎರಡು ಕೈ ಮೇಲೆತ್ತಿ ತಟ್ಟೆ ಹಿಡಿದವನಂತೆ ನಿಂತಿದ್ದ. ರಾಮನಗರದವನು ರೇಷ್ಮೆ ಬಿಚ್ಚುವವನು, ಬಿಸಿನೀರಿನಲ್ಲಿ ನೆನೆದು ನೆನೆದು ಕೈ ಹತ್ತಿಯಾಗಿತ್ತು. ಉಳಿದವನು ಚನ್ನಪಟ್ಟಣ ತಾಲೂಕಿನ ನಮ್ಮ ಕೆಂಪಣ್ಣ.

"ಇವ್ರುನ್ನ ಹೊಡ್ಯಕ್ಕೆ ಚಾಂಪಿಯನ್ ಯಾಕ್ಲಾ ಬೇಕು? ನಮ್ಮಕ್ಕ ಸಾಕಾಗಿತ್ತು," ಎನ್ನುತ್ತಿದ್ದ ಮಾದೇವ.

ಕೆಂಪಣ್ಣ ಉಳಿದವರನ್ನೆಲ್ಲ ಬಿಟ್ಟುಕೊಡುತ್ತಿದ್ದ. ಮಾಗಡಿಯವನು ಹೋಗಲಿ, ಸಪ್ಲೈಯರ್ ಹೋಗಲಿ. ತನ್ನನ್ನು ಮಾತ್ರ ಬಿಟ್ಟುಕೊಡುತ್ತಿರಲಿಲ್ಲ. ಪುಟ್ಟಸ್ವಾಮಿ ದೊಡ್ಡವನಾಗಿದ್ದರೆ ಕೆಂಪಣ್ಣ ದೊಡ್ಡವನ ಕೈಲಿ ಸೋತವನು. ಪುಟ್ಟಸ್ವಾಮಿ ಸಾಮಾನ್ಯನಾಗಿದ್ದರೆ, ಸಾಮಾನ್ಯನ ಕೈಲಿ ವರ್ಷಾ ವರ್ಷಾ ಪೆಟ್ಟು ತಿಂದವನನ್ನು ಏನೆಂದು ಕರೆಯಬೇಕು? ಹೀಗಾಗಿ ತನ್ನ ಮೂಗು ಮುರಿದವನ ಕೀರ್ತಿ ಕಾಯುವ ಕೆಲಸ ಅವನ ತಲೆಯ ಮೇಲೇ ಬಿದ್ದಿತ್ತು. ಗೇಟು ಕಾಯುವುದಕ್ಕಿಂತ ಶ್ರದ್ಧೆಯಿಂದ ಅದನ್ನು ಮಾಡುತ್ತಿದ್ದ. ಕೇತೋಹಳ್ಳಿ ದಾಟುವಷ್ಟರಲ್ಲಿ ಇಬ್ಬರೂ ಎದ್ದು ನಿಂತಿರುತ್ತಿದ್ದರು, ಹೂವಿನ ಬುಟ್ಟಿಯ ಹೆಂಗಸರು ಬುಟ್ಟಿ ಎಳೆದುಕೊಂಡು ಜಾಗ ಬಿಡುತ್ತಿದ್ದರು. ಬಿಡದಿಯಲ್ಲಿ ಇಳಿದರೆ ಇಬ್ಬರೂ ಒಂದೇ ಹೋಟೆಲಿಗೆ ಹೋಗಿ ಒಬ್ಬರಿಗೊಬ್ಬರು ತಟ್ಟೆ ಇಡ್ಲಿ ಹೇಳುತ್ತಿದ್ದರು.

ಮಾದೇವನ ಕೈಲಿದ್ದ ದೊಡ್ಡ ಅಸ್ತ್ರ ಮುದ್ದೆಯ ಪ್ರಸಂಗ. ಒಂದು ವರ್ಷ ತೂಕ ನೋಡುವ ದಿನ, ರೇಷ್ಮೆಗೂಡಿನ ವ್ಯಾಪಾರಿಯೊಬ್ಬರಿಂದ ತಂದ ತಕ್ಕಡಿಯ ಮೇಲೆ ಕೆಂಪಣ್ಣ ನಿಂತರೆ, ಪುಟ್ಟಸ್ವಾಮಿಯ ತೂಕದ ಗುಂಪಿಗೆ ಸೇರಲು ಒಂದು ಕೇಜಿಯಷ್ಟು ಕಡಿಮೆ ಬಂದ. ಆ ವರ್ಷ ಅವನಿಗೆ ಜಾಂಡೀಸ್ ಆಗಿ ಇಳಿದುಹೋಗಿದ್ದ. ಕೆಳಗಿನ ಗುಂಪಿನಲ್ಲಿ ಇನ್ನೊಬ್ಬ ಇರಲಿಲ್ಲ. ಮೇಷ್ಟ್ರು ಬೆನ್ನು ತಟ್ಟಿ, ನಿನ್ನ ಎದುರು ಯಾರೂ ಇಲ್ಲ, ಈ ಗುಂಪಿಗೆ ನೀನೇ ಚಾಂಪಿಯನ್, ಕಪ್ಪು ತಗೊಂಡು ಊರಿಗೆ ಹೋಗು ಎಂದರು. ಕೆಂಪಣ್ಣ ಒಂದು ಗಳಿಗೆ ತಕ್ಕಡಿಯ ಮೇಲೇ ನಿಂತು ಯೋಚಿಸಿದ. ಆಮೇಲೆ ಇಳಿದು, ಅರ್ಧ ಗಂಟೆ ಟೈಮು ಕೊಡಿ ಸಾ ಎಂದು ಎದುರಿನ ಹೋಟೆಲಿಗೆ ಓಡಿದ. ಮುದ್ದೆಯ ಮೇಲೆ ಮುದ್ದೆ ಇಳಿಸಿ, ಸಾರು ಕುಡಿದು, ಮೇಲೆ ಚೊಂಬುಗಟ್ಟಲೆ ನೀರು ಕುಡಿದು, ಉಸಿರು ಬಿಡಲೂ ಹೆದರುತ್ತಾ ನಡೆದು ಬಂದು ಮತ್ತೆ ತಕ್ಕಡಿ ಹತ್ತಿದ. ತಕ್ಕಡಿ ಒಪ್ಪಿತು. ಪುಟ್ಟಸ್ವಾಮಿ ಒಪ್ಪಲಿಲ್ಲ, ಸಂಜೆ ಪಂದ್ಯದಲ್ಲಿ ಹೊಟ್ಟೆಗೇ ಒಂದು ಕೊಟ್ಟ. ಆಮೇಲೆ ನಡೆದದ್ದನ್ನು ಮಾದೇವ ಇಡೀ ಬೋಗಿಗೆ ಕೇಳಿಸುವಂತೆ ಅಭಿನಯಿಸಿ ತೋರಿಸುತ್ತಿದ್ದ. ಮೇಷ್ಟ್ರ ಬಿಳಿ ಶೂ ಹೋಯಿತು, ಪಂದ್ಯ ನಿಲ್ಲಿಸಿ ಮಣ್ಣು ಹಾಕಿದರು.

ನಾನು ಒಮ್ಮೆ ಕೇಳಿಯೇಬಿಟ್ಟೆ. ಸುಮ್ಮನೆ ಆ ಕಪ್ಪು ತೆಗೆದುಕೊಂಡು ಹೋಗಿದ್ದರೆ ಏನಾಗುತ್ತಿತ್ತು, ನೀನೂ ಚಾಂಪಿಯನ್ ಅನ್ನಿಸಿಕೊಳ್ಳುತ್ತಿದ್ದೆಯಲ್ಲ?

"ಊರ್ಗೆ ವೋದೇಟ್ಗೆ ನಮ್ಮವ್ವ ಕೇಳೋಳು, ಯಾರ್ ಮ್ಯಾಲೆ ಗೆದ್ಯಪ್ಪಾ ಅಂತ. ತಕ್ಕಡಿ ಮ್ಯಾಲೆ ಅನ್ಲಾ?" ಎಂದ.

ಇಷ್ಟೆಲ್ಲ ವಾದ ಮಾಡುವವನು ಒಂದು ಜಾಗಕ್ಕೆ ಬಂದರೆ ಮಾತ್ರ ತೆಪ್ಪಗಾಗಿಬಿಡುತ್ತಿದ್ದ. ಅದು ಅವರಿಬ್ಬರ ಕೊನೆಯ ಪಂದ್ಯ. ಮಸಕು ಹೊತ್ತು, ಕಂಬಕ್ಕೆ ಎರಡು ಬಲ್ಬು ಕಟ್ಟಿದ್ದರು. ಮೂರನೇ ರೌಂಡಿನ ನಡುವೆ ಕರೆಂಟು ಹೋಯಿತು. ಬೇರೆ ಊರಲ್ಲಾಗಿದ್ದರೆ ಪಂದ್ಯ ನಿಲ್ಲಿಸುತ್ತಿದ್ದರು. ನಮ್ಮವರಿಗೆ ಕರೆಂಟು ಹೋಗುವುದು ಕೆಲಸ ನಿಲ್ಲಿಸುವಂಥ ವಿಷಯವೇ ಅಲ್ಲವಲ್ಲ. ಮೇಷ್ಟ್ರು ಸುಮ್ಮನಿದ್ದರು, ಇವರಿಬ್ಬರೂ ಕತ್ತಲಲ್ಲೇ ಗುದ್ದಾಡಿದರು. ಜನಕ್ಕೆ ಬರೀ ಸದ್ದು ಕೇಳಿಸಿತು. ಕರೆಂಟು ಬಂದಾಗ ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತಿದ್ದರು. ಪಂದ್ಯ ಮುಂದುವರಿಯಿತು, ಯಥಾಪ್ರಕಾರ ಪುಟ್ಟಸ್ವಾಮಿ ಪಾಯಿಂಟಿನ ಮೇಲೆ ಗೆದ್ದ. ಅದಾದ ಮೇಲೆ ಅವನಿಗೆ ಮದುವೆಯಾಯಿತು, ಮೇಷ್ಟ್ರಿಗೆ ವರ್ಗವಾಯಿತು, ನಾಲ್ಕು ತಾಲೂಕಿನ ಬಾಕ್ಸಿಂಗ್ ಅಲ್ಲಿಗೇ ಮುಗಿಯಿತು.

ಕತ್ತಲಲ್ಲಿ ಏನಾಯಿತು ಎಂದು ಮಾದೇವ ಕೆಣಕದ ದಿನವಿರಲಿಲ್ಲ. ಹೆದರಿಕೊಂಡು ತಬ್ಬಿಕೊಂಡೆ ತಾನೇ ಎನ್ನುತ್ತಿದ್ದ. ಉಳಿದುದಕ್ಕೆಲ್ಲ ಹತ್ತು ಉತ್ತರ ಇಟ್ಟುಕೊಂಡಿದ್ದ ಕೆಂಪಣ್ಣ ಇದಕ್ಕೆ ಮಾತ್ರ, ಕರೆಂಟ್ ಇರಲಿಲ್ಲ, ಕಾಣಲಿಲ್ಲ ಎಂದು ಕಿಟಕಿಯ ಕಡೆ ತಿರುಗುತ್ತಿದ್ದ.

ಒಂದು ವರ್ಷ ನಮ್ಮ ಕಾರ್ಖಾನೆಯ ಕನ್ನಡ ರಾಜ್ಯೋತ್ಸವಕ್ಕೆ ಈ ಭಾಗದ ಹಳೆಯ ಕ್ರೀಡಾಪಟು ಒಬ್ಬರಿಗೆ ಸನ್ಮಾನ ಮಾಡುವುದು ಎಂದಾಯಿತು. ಅದಕ್ಕೆಂದು ಸೇರಿದ ಸಭೆಯಲ್ಲಿ ಕೆಂಪಣ್ಣ ಪುಟ್ಟಸ್ವಾಮಿಯ ಹೆಸರು ಹೇಳಿದ. ಮಾದೇವ ಎದ್ದು ನಿಂತು, ಅವನು ಗೆದ್ದಿದ್ದಾದರೂ ಯಾರ ಮೇಲೆ ಎಂದು ಕೆಂಪಣ್ಣನ ಪ್ರಶ್ನೆಯನ್ನು ಕೆಂಪಣ್ಣನಿಗೇ ಎಸೆದ. ಸಭೆ ನಕ್ಕಿತು. ಕೆಂಪಣ್ಣನ ಮುಖ ಕೆಂಪಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೊನೆಗೆ ಬೇರೆ ಹೆಸರು ಯಾರಿಗೂ ಹೊಳೆಯದೆ ಪುಟ್ಟಸ್ವಾಮಿಯೇ ಗಟ್ಟಿಯಾದ. ಕರೆಯಲು ನಾನೂ ಕೆಂಪಣ್ಣನೂ ಒಂದು ಭಾನುವಾರ ಹೊರಟೆವು.

ಹಾರೋಹಳ್ಳಿಯಲ್ಲಿ ಬಸ್ಸು ಬದಲಾಯಿಸಿ ಮರಳವಾಡಿ ಮುಟ್ಟುವ ತನಕ ಕೆಂಪಣ್ಣ ಒಂದೇ ಯೋಚನೆಯಲ್ಲಿದ್ದ. ಮದುವೆಗೆ ಹೋಗಿ ಊಟ ಮಾಡಿ ಬಂದದ್ದೇ ಕೊನೆ, ಆಮೇಲೆ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಅವನಿಗೆ ತನ್ನ ಗುರುತು ಸಿಗುತ್ತದೋ ಇಲ್ಲವೋ ಎಂದು ಎರಡು ಮೂರು ಸಲ ನನ್ನನ್ನೇ ಕೇಳಿದ. ನನಗೇನು ಗೊತ್ತು?

ಪುಟ್ಟಸ್ವಾಮಿ ಕೊಟ್ಟಿಗೆಯ ಮುಂದೆ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು. ಭಾರಿ ಆಳು, ಆದರೆ ಮಾತು ಬಾರದ ಸಂಕೋಚದ ಮನುಷ್ಯ. ಆಡುವ ಎರಡು ಮಾತನ್ನೂ ಟವೆಲು ಬಾಯಿಗೆ ಅಡ್ಡ ಹಿಡಿದು ಆಡುತ್ತಿದ್ದರು. ನಮ್ಮನ್ನು ನೋಡಿ, ಯಾವ ಊರಾಯ್ತು ಎಂದರು. ಕೆಂಪಣ್ಣ ಬಾಯಿಬಿಟ್ಟು ಹೆಸರು ಹೇಳಲಿಲ್ಲ. ಎಡಗಾಲು ಮುಂದಿಟ್ಟು, ಗದ್ದ ಎದೆಗೊತ್ತಿ, ಎರಡು ಮುಷ್ಟಿ ಎತ್ತಿ ಕುರಿಗಳ ನಡುವೆ ನಿಂತ. ಪುಟ್ಟಸ್ವಾಮಿ ಕೈಯಲ್ಲಿದ್ದ ಸೊಪ್ಪನ್ನು ಬಿಟ್ಟರು.

"ಲೇ, ಮುದ್ದೆ," ಎಂದು ಬಂದು ತಬ್ಬಿಕೊಂಡರು.

ಗಂಡನ ಬಾಯಲ್ಲಿ ಇಲ್ಲದ ಮಾತನ್ನೆಲ್ಲ ಅವರ ಹೆಂಡತಿ ಜಯಮ್ಮನವರು ಆಡುತ್ತಿದ್ದರು. ಊಟಕ್ಕೆ ಬಡಿಸುತ್ತಾ ಗೋಡೆಯ ಮೇಲಿದ್ದ ಮದುವೆಯ ಫೋಟೋ ತೋರಿಸಿದರು. ಅದರಲ್ಲಿ ಪುಟ್ಟಸ್ವಾಮಿ ತುಟಿ ಬಿಗಿದು ಕೊಲೆಗಾರನ ಹಾಗೆ ನಿಂತಿದ್ದರು. ಮದುವೆಯ ಮೂರು ದಿನವೂ ಈ ಮನುಷ್ಯ ಬಾಯಿ ಬಿಡಲಿಲ್ಲ, ಮೂಗನನ್ನು ಕಟ್ಟಿದರಲ್ಲಪ್ಪ ಎಂದು ತಾನು ಅತ್ತಿದ್ದೆ ಎಂದರು. ಆ ವಾರವೇ ಮನೆಯ ಟಗರು ಗುದ್ದಿ ಇವರ ಮುಂದಿನ ಹಲ್ಲು ಹೋಯಿತಂತೆ, ಅದಕ್ಕೇ ಈ ಟವೆಲು. ಹೊಸ ಮದುವಣಿಗನ ಹಲ್ಲು ಮುರಿದ ಪ್ರಾಣಿ ಮನೆಯಲ್ಲಿ ಬೇಡ ಎಂದು ಜಯಮ್ಮ ಹಟ ಹಿಡಿದು ಆ ಟಗರನ್ನು ಕಡಿಸಿ ಸಾರು ಮಾಡಿಸಿದ್ದರು. ಬಲು ಒಳ್ಳೆಯ ಟಗರು, ಅದುವರೆಗೆ ಯಾರಿಗೂ ಹಾಯ್ದಿರಲಿಲ್ಲವಂತೆ ಎಂದು ಕನಿಕರದಿಂದಲೂ ಹೇಳಿದರು. ಕೆಂಪಣ್ಣನಿಗೆ ಮುದ್ದೆ ಗಂಟಲಿಗೆ ಸಿಕ್ಕಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಪುಟ್ಟಸ್ವಾಮಿ ತಟ್ಟೆ ಬಿಟ್ಟು ಮೇಲೆ ನೋಡಲಿಲ್ಲ.

ರಾಜ್ಯೋತ್ಸವದ ದಿನ ಶಾಲು ಹೊದಿಸಿ ಪೇಟ ಇಟ್ಟದ್ದಾಯಿತು. ಪರಿಚಯದ ಭಾಷಣ ಮಾದೇವನ ಪಾಲಿಗೆ ಬಂದಿತ್ತು. ಚಾಂಪಿಯನ್ನರನ್ನು ಹೊಗಳಿ ಕೊನೆಯಲ್ಲಿ, ಇವರು ಇಷ್ಟು ವರ್ಷ ಗೆದ್ದದ್ದು ನಮ್ಮ ಗೇಟಿನ ಕೆಂಪಣ್ಣನ ಮೇಲೆ ಎಂಬುದನ್ನು ಸಭೆ ಗಮನಿಸಬೇಕು ಎಂದ. ಜನ ಬಿದ್ದು ಬಿದ್ದು ನಕ್ಕರು. ಡ್ಯೂಟಿಯ ಬಟ್ಟೆಯಲ್ಲೇ ಹಿಂದೆ ನಿಂತಿದ್ದ ಕೆಂಪಣ್ಣ ಸೀದಾ ವೇದಿಕೆ ಹತ್ತಿ ಮೈಕು ಕಿತ್ತುಕೊಂಡ.

"ಮಾದೇವ ಯೋಳಿದ್ದು ದಿಟ, ನನ್ ಮ್ಯಾಲೇ ಗೆದ್ದಿದ್ದು. ಆದ್ರೆ ನಾನು ಯಾರು ಅಂತ ಅವ್ನಿಗೆ ಗೊತ್ತಿಲ್ಲ. ವರ್ಸಾ ವರ್ಸಾ ಸೋತು, ವರ್ಸಾ ವರ್ಸಾ ತಿರ್ಗಾ ಬಂದೋನು ನಾನು. ಅಂಥೋನ್ನ ಹೊಡ್ಯೋದು ಒಸಿ ಕಷ್ಟ. ಬೇಕಾದ್ರೆ ಪುಟ್ಟಸ್ವಾಮಣ್ಣನ್ನೇ ಕೇಳಿ."

ಮೈಕನ್ನು ಪುಟ್ಟಸ್ವಾಮಿಯ ಮುಂದೆ ಹಿಡಿದ. ಪುಟ್ಟಸ್ವಾಮಿ ಎದ್ದರು, ಕೆಂಪಣ್ಣನನ್ನು ನೋಡಿದರು, ಮುಂದಿನ ಸಾಲಿನಲ್ಲಿ ಕೂತಿದ್ದ ಜಯಮ್ಮನವರನ್ನು ನೋಡಿದರು. ಟವೆಲಿನ ಒಳಗಿಂದ, ಎಲ್ಲರಿಗೂ ನಮಸ್ಕಾರ ಎಂದು ಕೂತುಬಿಟ್ಟರು.

ಆ ಸಂಜೆಯ ರೈಲಿನಲ್ಲಿ ಕೆಂಪಣ್ಣ ಕಿಟಕಿಯ ಕಡೆ ತಿರುಗಿ ಕೂತ. ಚಾಂಪಿಯನ್ನೇ ಒಪ್ಪಲಿಲ್ಲವಲ್ಲೋ ಎಂದು ಮಾದೇವ ರಾಗ ತೆಗೆದವನು, ಅವನ ಮುಖ ನೋಡಿ ತಾನೇ ನಿಲ್ಲಿಸಿದ. ಆ ದೊಡ್ಡ ಮನುಷ್ಯನ ಮೇಲೆ ನನಗೆ ಬಂದಿದ್ದ ಕೋಪ ಅಷ್ಟಿಷ್ಟಲ್ಲ. ಒಂದು ಮಾತು, ಇವನೂ ಗಟ್ಟಿಗ ಎಂಬ ಒಂದೇ ಒಂದು ಮಾತು ಹೇಳಿದ್ದರೆ ಅವರ ಪೇಟ ಕೆಳಗೆ ಬೀಳುತ್ತಿತ್ತೇ? ಎರಡು ದಿನ ಬಿಟ್ಟು ಕೆಂಪಣ್ಣ ಮತ್ತೆ ಮೊದಲಿನಂತೆ ರಾಮನಗರದಲ್ಲಿ ಮಾದೇವ ಹತ್ತುವುದನ್ನೇ ಕಾದು, ಪುಟ್ಟಸ್ವಾಮಿ ದೊಡ್ಡ ಚಾಂಪಿಯನ್ ಹೇಗೆ ಎಂದು ಶುರು ಮಾಡಿದ.

ಅದಾಗಿ ಮೂರು ನಾಲ್ಕು ವರ್ಷಕ್ಕೆ, ರಜೆಯ ದಿನ ಸೊಪ್ಪಿನ ಹೊರೆ ಇಳಿಸಿ ಜಗುಲಿಯ ಮೇಲೆ ಕೂತ ಕೆಂಪಣ್ಣ ಹಾಗೇ ಗೋಡೆಗೆ ಒರಗಿದನಂತೆ. ನಾವು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾದೇವ ನಮ್ಮೆಲ್ಲರಿಗಿಂತ ಗಟ್ಟಿಯಾಗಿ ಅತ್ತ. ಆಮೇಲೆ ರೈಲು ರಾಮನಗರದಿಂದ ಬಿಡದಿಗೆ ಹೋಗುವುದಕ್ಕೆ ತುಂಬ ಹೊತ್ತು ಹಿಡಿಯತೊಡಗಿತು.

ಹನ್ನೊಂದನೇ ದಿನದ ತಿಥಿಗೆ ಹೊಂಗನೂರಿಗೆ ಹೋದೆವು. ಮನೆಯಲ್ಲಿ ಬೇರೆ ಫೋಟೋ ಇಲ್ಲದೆ ಗುರುತಿನ ಚೀಟಿಯದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದರು. ಅಷ್ಟಗಲದ ಫೋಟೋದಲ್ಲಿ ಮೂಗು ಅವನು ಬಯಸಿದ್ದಂತೆಯೇ ಬಂದಿತ್ತು. ಪುಟ್ಟಸ್ವಾಮಿ ಹೆಂಡತಿಯ ಜೊತೆ ಬಂದಿದ್ದರು. ಊಟವಾಗಿ ಎಲೆಅಡಿಕೆ ಹಾಕಿಕೊಂಡು ಕೂತಾಗ ಮಾತು ಹೇಗೋ ಪಂದ್ಯಗಳ ಕಡೆ ತಿರುಗಿತು. ಮಾದೇವನಿಗೆ ಹಳೆಯ ಚಾಳಿ. ಎಲ್ಲ ಸರಿ ಕಣಣ್ಣ, ಆದರೆ ನಿಜ ಹೇಳು, ನಿನ್ನ ಎದುರು ನಿಲ್ಲುವಂಥವನು ಒಬ್ಬನಾದರೂ ಇದ್ದನೇ ಎಂದು ಕೇಳಿದ. ಕೇಳಿದ ಮೇಲೆ, ಕೇಳಬಾರದಿತ್ತು ಎನ್ನುವಂತೆ ತಲೆ ತಗ್ಗಿಸಿದ.

ಪುಟ್ಟಸ್ವಾಮಿ ಟವೆಲನ್ನು ಮಡಿಚಿ ತೊಡೆಯ ಮೇಲಿಟ್ಟರು. ಎಲ್ಲರ ಮುಂದೆ ಬಾಯಿ ಅಗಲಿಸಿ ತೋರಿಸಿದರು. ಮುಂದಿನ ಸಾಲಿನಲ್ಲಿ ಒಂದು ಹಲ್ಲಿರಲಿಲ್ಲ.

"ಕರೆಂಟ್ ವೋಗಿತ್ತಲ್ಲ, ಆವಾಗ ಕೆಂಪ ಕೊಟ್ಟಿದ್ದು. ಹಲ್ಲು ನುಂಗ್ಬುಟ್ಟೆ. ವಾರಕ್ಕೆ ನನ್ ಮದುವೆ, ಹೆಣ್ಣಿನ್ ಕಡೆಯೋರು ಏನಂತಾರೋ ಅಂತ ದಿಗಿಲಾಗಿ, ಅವ್ನ ತಬ್ಕೊಂಡು ಕಿವೀಲಿ ಯೋಳ್ದೆ, ಯಾರ್ಗೂ ಯೋಳ್ಬ್ಯಾಡ ಕಣ್ಲಾ ಅಂತ. ಮೈಕ್ ಮುಂದೆ ನಾನೇ ಯೋಳ್ಬೇಕಾಗಿತ್ತು. ಇವ್ಳು ಎದ್ರಿಗೇ ಕೂತಿದ್ಲು."

ಹೆಂಗಸರ ಸಾಲಿನಿಂದ ಜಯಮ್ಮನವರ ದನಿ ಬಂತು.

"ಹಂಗಾರೆ ಆ ಟಗರು?"

ತಿಥಿಯ ಮನೆ ಎನ್ನುವುದನ್ನೂ ಮರೆತು ಜನ ನಕ್ಕರು. ಕೆಂಪಣ್ಣನ ಹೆಂಡತಿಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗದೆ ಕೂತಿದ್ದವನು ಮಾದೇವ ಒಬ್ಬನೇ. ಅವನ ಕಣ್ಣು ತುಂಬಿತ್ತು. ಇಷ್ಟು ವರ್ಷ ದಿನಾ ರೈಲಿನಲ್ಲಿ ನನ್ನ ಕೈಲಿ ಅನ್ನಿಸಿಕೊಂಡನಲ್ಲ, ಒಂದು ಸಲ ಇದನ್ನು ಹೇಳಿದ್ದರೆ ನಾನು ಬಾಯಿ ಮುಚ್ಚುತ್ತಿದ್ದೆನಲ್ಲ, ಯಾಕೆ ಹೇಳಲಿಲ್ಲ ಎಂದು ಪುಟ್ಟಸ್ವಾಮಿಯನ್ನು ಕೇಳಿದ.

ಪುಟ್ಟಸ್ವಾಮಿ ಹಾರದ ಒಳಗಿದ್ದ ಆ ಮೂಗನ್ನು ಬಹಳ ಹೊತ್ತು ನೋಡಿದರು.

"ಯಾರ್ಗೂ ಯೋಳ್ಬ್ಯಾಡ ಅಂದಿದ್ದೆ," ಎಂದರು. "ಮದುವೆ ಆಗೋ ಗಂಟ ಅಂತ ಯೋಳೋದ್ನ ಮರ್ತ್‌ಬುಟ್ಟೆ."